ಪಂಕ್ ಬ್ಯಾಂಡ್ ಅಂದ್ಮೇಲೆ ರಾಜಕೀಯ ಹಾಡ್ಲೇಬೇಕಾ? ಬರೀ ಖುಷಿಗೆ ಹಾಡಿದ್ರೆ ತಪ್ಪಾ?

ಮೂರುಸ್ವರ_ಕಾರವಾರ:

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗ್ತದೆ, ದಯವಿಟ್ಟು ಪೂರ್ತಿ ಓದಿ, ಒಂದು ವಾರದಿಂದ ತಲೆಯಲ್ಲಿ ಇದೇ ತಿರುಗ್ತಾ ಉಂಟು.

ನಾವು ನಾಲ್ಕು ಜನ ಕಾರವಾರದಲ್ಲಿ ಒಂದು ಪಂಕ್ ಬ್ಯಾಂಡ್ ಮಾಡ್ಕೊಂಡಿದ್ದೇವೆ, ಪಂಕ್ ಅಂದ್ರೆ ಜೋರಾಗಿ, ವೇಗವಾಗಿ ನುಡಿಸುವ ಚಿಕ್ಕ ಚಿಕ್ಕ ರಾಕ್ ಹಾಡು. ಹೆಸರು ಇನ್ನೂ ಗಟ್ಟಿ ಆಗ್ಲಿಲ್ಲ, ನಾಲ್ಕು ಜನಕ್ಕೆ ನಾಲ್ಕು ಹೆಸರು ಇಷ್ಟ. ನಾನು ಗಿಟಾರ್ ಮತ್ತೆ ಹಾಡುದು, ಚಿಕ್ಕಪ್ಪನ ಮಗ ಬಾಸ್, ಸದಾಶಿವಗಡದ ದೋಸ್ತ ಡ್ರಮ್ಸ್, ಮಾಜಾಳಿ ಕಡೆಯ ಹುಡುಗಿ ಇನ್ನೊಂದು ಗಿಟಾರ್. ಪ್ರಾಕ್ಟೀಸ್ ಮಾಡುದು ಬೈತಖೋಲದ ಹತ್ರ ಮಾವನ ಬಲೆ ಇಡುವ ಶೆಡ್ಡಲ್ಲಿ. ಈಗ ದೋಣಿ ಎಲ್ಲ ನೀರಲ್ಲಿ ಇರೂದ್ರಿಂದ ಶೆಡ್ ಖಾಲಿ, ಜೂನ್ 1 ಬಂತು ಅಂದ್ರೆ ಮೀನುಗಾರಿಕೆ ಬಂದ್, ಬಲೆ ಎಲ್ಲ ಒಳಗೆ ಬರ್ತದೆ, ನಾವು ಹೊರಗೆ.

ನಮ್ಮದು 7 ಹಾಡು, ಎಲ್ಲ ಸೇರಿ 14 ನಿಮಿಷ. ಬಂಗಡೆ ಮೇಲೆ ಒಂದು, ಕದ್ರಾಕ್ಕೆ ಹೋಗುವ ಕೊನೇ ಬಸ್ ತಪ್ಪಿಸ್ಕೊಂಡದ್ದರ ಮೇಲೆ ಒಂದು, ಮಳೆಗಾಲದಲ್ಲಿ ಎಂಟು ದಿನ ಹಗ್ಗದ ಮೇಲೆ ಇದ್ರೂ ಒಣಗದ ಜೀನ್ಸ್ ಪ್ಯಾಂಟಿನ ಮೇಲೆ ಒಂದು, ಗಣಪತಿ ಹಬ್ಬದ ದಿನ ನಾಲ್ಕು ಮನೆಯಲ್ಲಿ ಊಟ ಮಾಡಿ ಐದನೇ ಮನೆಯಲ್ಲಿ ಬೇಡ ಅನ್ಲಿಕ್ಕೆ ಆಗದೇ ಇದ್ದದ್ದರ ಮೇಲೆ ಒಂದು, ಹೀಗೆ. ಅರ್ಧ ಕನ್ನಡ, ಅರ್ಧ ಕೊಂಕಣಿ, ಮನೆಯಲ್ಲಿ ಹೇಗೆ ಮಾತಾಡ್ತೇವೋ ಹಾಗೇ. ರಾಜಕೀಯ ಇಲ್ಲ. ಇದು ಬೇಕಂತ್ಲೇ ಮಾಡಿದ್ದು. ಶೆಡ್ಡಿನ ಗೋಡೆ ಮೇಲೆ ಚಾಕ್‌ಪೀಸಲ್ಲಿ ಬರ್ದೇ ಇಟ್ಟಿದ್ದೇವೆ, ಪಕ್ಷ ಇಲ್ಲ, ಭಾಷಣ ಇಲ್ಲ ಅಂತ. ಕಾರಣ ಹೇಳ್ತೇನೆ, ನಮ್ಮ ನಾಲ್ಕು ಮನೆಯಲ್ಲಿ ಮೂರು ಪಕ್ಷದವ್ರು ಇದ್ದಾರೆ, ಓಟಿನ ಟೈಮಲ್ಲಿ ಅಪ್ಪಂದ್ರು ಒಬ್ಬರ ಮನೆ ಬಾಗಿಲಿಗೆ ಇನ್ನೊಬ್ರು ಹೋಗೂದಿಲ್ಲ, ಆದ್ರೆ ನಾವು ನಾಲ್ಕು ಜನ ಆ ಶೆಡ್ಡಲ್ಲಿ ಕೂತು ಒಂದೇ ಪ್ಲೇಟಲ್ಲಿ ಭಜಿ ತಿಂತೇವೆ. ಅದನ್ನ ಹಾಳು ಮಾಡ್ಕೊಳ್ಳಿಕ್ಕೆ ನನಗೆ ಇಷ್ಟ ಇಲ್ಲ.

ವಿಷಯ ಎಂತ ಅಂದ್ರೆ ಮೊನ್ನೆ ಒಂದು ಕಾಲೇಜಿನ ಗ್ಯಾದರಿಂಗಲ್ಲಿ ನಮಗೆ 15 ನಿಮಿಷ ಕೊಟ್ರು. ಫಿಲ್ಮ್ ಡ್ಯಾನ್ಸ್ ಮತ್ತೆ ರಸಮಂಜರಿ ನಡುವೆ ನಮ್ಮದು. ಮೊದಲನೇ ಹಾಡಿಗೆ ಎಲ್ಲರೂ ಸುಮ್ನೆ ನೋಡ್ತಾ ಇದ್ರು, ಮೂರನೇದಕ್ಕೆ ಹಿಂದಿನ ಬೆಂಚಿನವ್ರು ಎದ್ರು, ಪ್ಯಾಂಟಿನ ಹಾಡಿಗೆ ಇಡೀ ಹಾಲ್ ಕುಣೀತು, ಅಡುಗೆ ಮಾಡ್ಲಿಕ್ಕೆ ಬಂದಿದ್ದ ಅಕ್ಕಂದಿರೂ ಬಾಗಿಲಲ್ಲಿ ನಿಂತು ಚಪ್ಪಾಳೆ ಹೊಡೀತಿದ್ರು. ನನ್ನ ಜೀವನದಲ್ಲಿ ಅಷ್ಟು ಖುಷಿ ನಾನು ಯಾವತ್ತೂ ಕಂಡಿಲ್ಲ. ಆದ್ರೆ ಇಳಿದು ಬಂದ ಕೂಡ್ಲೇ ಸಂಗೀತದ ಬಗ್ಗೆ ತುಂಬ ತಿಳ್ಕೊಂಡವರೊಬ್ರು ಹತ್ರ ಬಂದು ಹೇಳಿದ್ರು, ಪಂಕ್ ಅಂದ್ರೆ ಪ್ರತಿಭಟನೆ, ನೀವು ಅದರ ಸದ್ದು ಮಾತ್ರ ತಗೊಂಡಿದ್ದೀರಿ ಜೀವ ತಗೊಳ್ಳಿಲ್ಲ, ಇದು ಬರೀ ಗಲಾಟೆ ಅಂತ. ಅವರು ಕೆಟ್ಟದಕ್ಕೆ ಹೇಳಿದ್ದಲ್ಲ, ನಿಧಾನಕ್ಕೆ, ಕಾಳಜಿಯಿಂದಾನೇ ಹೇಳಿದ್ರು. ಅದಕ್ಕೇ ಹೆಚ್ಚು ತಾಗಿತು.

ಕೇಳಿದವರು ಹೇಳಿ, ಖುಷಿಗೆ ಮಾತ್ರ ಹಾಡುವ ಪಂಕ್ ಬ್ಯಾಂಡ್ ಅಂತ ಒಂದು ಇರ್ಲಿಕ್ಕೆ ಸಾಧ್ಯ ಉಂಟಾ ಇಲ್ವಾ? ಅಥವಾ ನಾವು ಆ ಹೆಸರು ಬಿಟ್ಟು ಬೇರೆ ಎಂತಾದ್ರೂ ಹೇಳ್ಕೊಳ್ಳಬೇಕಾ?


ಹಳೇಕ್ಯಾಸೆಟ್_ಕುಮಟಾ:

ತಮಾ, ಹೆಸರು ಬಿಡ್ಬೇಡ. ನನಗೆ ಈಗ 50 ದಾಟಿತು, ಈ ಸಂಗೀತ ಕೇಳ್ಲಿಕ್ಕೆ ಶುರು ಮಾಡಿದ್ದು ಕೊಂಕಣ ರೈಲ್ವೆ ಬರೋಕೆ ಮುಂಚೆ, ಮಡಗಾಂವಿಗೆ ಬಸ್ಸಲ್ಲಿ ಹೋಗಿ ಹಡಗಲ್ಲಿ ಕೆಲಸ ಮಾಡ್ತಿದ್ದ ಪರಿಚಯದವರ ಹತ್ರ ಕ್ಯಾಸೆಟ್ ಇಸ್ಕೊಂಡು ಬಂದು, ಕಾಪಿ ಮಾಡ್ಕೊಂಡು, ಮುಂದಿನ ತಿಂಗಳು ವಾಪಸ್ ಕೊಡೋದು. ಹಂಗಾಗಿ ಈ ಪ್ರಶ್ನೆ ನನಗೂ ಹಳೇದು.

ಮೊದ್ಲು ಅಮೆರಿಕದ ರಾಮೋನ್ಸ್ ಬ್ಯಾಂಡ್ ತಗೋ. ಪಂಕ್ ಅನ್ನೋದಕ್ಕೆ ಒಂದು ಆಕಾರ ಕೊಟ್ಟವರು ಯಾರು ಅಂದ್ರೆ ಮೊದಲ ಸಾಲಲ್ಲೇ ಬರುವ ಹೆಸರು. 1974ರಲ್ಲಿ ನ್ಯೂಯಾರ್ಕಿನ ಕ್ವೀನ್ಸ್ ಅನ್ನೋ ಕಡೆ ಶುರು ಆಗಿದ್ದು, 1976ರಲ್ಲಿ ಬಂದ ಮೊದಲ ಆಲ್ಬಮ್ಮಲ್ಲಿ 14 ಹಾಡು, ಎಲ್ಲ ಸೇರಿ ಅರ್ಧ ಗಂಟೆನೂ ಇಲ್ಲ, ಖರ್ಚು ಸುಮಾರು 6,400 ಡಾಲರ್, ಆ ಕಾಲದ ದೊಡ್ಡ ಬ್ಯಾಂಡುಗಳು ಸ್ಟುಡಿಯೋದಲ್ಲಿ ತಿಂಗಳುಗಟ್ಲೆ ಕೂರ್ತಿದ್ದಾಗ ಇವರು ಒಂದು ವಾರದಲ್ಲಿ ಮುಗಿಸಿ ಎದ್ದು ಬಂದ್ರು. ಹಾಡೆಲ್ಲ ಎಂತದರ ಮೇಲೆ? ಹುಡುಗಿ, ಬೇಜಾರು, ಭಯದ ಸಿನೆಮಾ, ಓಣಿ ಹುಡುಗರ ಹುಚ್ಚಾಟ. ಅವರಿಗೆ ಇಷ್ಟ ಇದ್ದಿದ್ದು ಬೀಚ್ ಬಾಯ್ಸ್ ಅನ್ನೋ ಪಾಪ್ ಬ್ಯಾಂಡು, ಮತ್ತೆ 60ರ ದಶಕದ ಹುಡುಗಿಯರ ಗುಂಪುಗಳ ಸಿಹಿ ಸಿಹಿ ಪಾಪ್ ಹಾಡು. ಅದನ್ನೇ ತಗೊಂಡು ಎರಡು ಪಟ್ಟು ಜೋರಾಗಿ ನುಡಿಸಿದ್ರು, ಅಷ್ಟೇ, ಮತ್ತೆ ಅಷ್ಟರಲ್ಲೇ ಲೋಕ ಬದಲಾಯ್ತು.

ನಿನ್ನ ನಾಲ್ಕು ಮನೆ ಮೂರು ಪಕ್ಷದ ಕತೆ ಓದಿ ನನಗೆ ತಟ್ಟನೆ ನೆನಪಾಗಿದ್ದೂ ಇವರೇ. ಹಾಡೋ ಜೋಯಿ ಎಡಕ್ಕೆ, ಗಿಟಾರಿನ ಜಾನಿ ಪೂರ್ತಿ ಬಲಕ್ಕೆ. ಇಬ್ಬರ ಮಧ್ಯೆ ಸ್ವಂತ ವಿಷಯಕ್ಕೂ ಜಗಳ ಆಗಿ ಎಷ್ಟೋ ವರ್ಷ ಮಾತೇ ಇಲ್ಲ. ಒಂದೇ ವ್ಯಾನಲ್ಲಿ ಕೂತು, ಮಾತಾಡದೇ, ರಾತ್ರಿ ಸ್ಟೇಜಿಗೆ ಹತ್ತಿ ಒಂದೇ ಉಸಿರಲ್ಲಿ ಹಾಡು. 1996ರಲ್ಲಿ ನಿಲ್ಲಿಸುವಾಗ ಎರಡು ಸಾವಿರದ ಮೇಲೆ ಕಾರ್ಯಕ್ರಮ ಆಗಿತ್ತು. ಆ ಹಾಡುಗಳಲ್ಲಿ ರಾಜಕೀಯ ತುಂಬಿದ್ರೆ ಎರಡನೇ ವರ್ಷಕ್ಕೇ ಒಡೀತಿತ್ತು ಅಂತ ನನ್ನ ಲೆಕ್ಕ.

ಇನ್ನೊಂದು, ನನಗೆ ಎಲ್ಲಕ್ಕಿಂತ ಪ್ರಿಯ ಆದದ್ದು, ಅಂಡರ್‌ಟೋನ್ಸ್. ಉತ್ತರ ಐರ್ಲೆಂಡಿನ ಡೆರಿ ಊರಿನ ಐದು ಹುಡುಗ್ರು. 1972ರಲ್ಲಿ ಆ ಊರಲ್ಲಿ ಮೆರವಣಿಗೆ ಮೇಲೆ ಸೈನಿಕರು ಗುಂಡು ಹಾರಿಸಿ ಒಂದೇ ದಿನ 13 ಜನ ಸತ್ತಿದ್ರು. ಬೀದಿಯಲ್ಲಿ ಬಂದೂಕು ಹಿಡಿದ ಸೈನಿಕರು ಓಡಾಡೋದು, ಬಾಂಬು, ತಪಾಸಣೆ, ಇದೆಲ್ಲ ಆ ಹುಡುಗರಿಗೆ ಹಾಲು ಪೇಪರ್ ಬಂದ ಹಾಗೆ ದಿನಾ. ಅಂಥ ಊರಲ್ಲಿ ಕೂತು ಅವರು 1978ರಲ್ಲಿ ಹೊರಗೆ ತಂದ ಮೊದಲ ಹಾಡು ಪಕ್ಕದ ಬೀದಿ ಹುಡುಗಿ ಕಂಡ್ರೆ ಆಗೋ ಪುಳಕದ ಮೇಲೆ! ಚಾಕಲೇಟ್ ಮೇಲೂ ಒಂದು ಹಾಡು ಮಾಡಿದ್ರು. ಅವರಿಗೂ ನಿನಗೆ ಕೇಳಿದ ಪ್ರಶ್ನೇನೇ ಕೇಳಿದ್ರು, ಊರು ಹೊತ್ತಿ ಉರೀತಿದೆ ನೀವು ಹುಡುಗಿ ಚಾಕಲೇಟ್ ಅಂತೀರಲ್ಲ ಅಂತ. ಆ ಐದು ಜನಕ್ಕೆ ಬೇಕಿದ್ದಿದ್ದು ಅದರಿಂದ ತಪ್ಪಿಸ್ಕೊಳ್ಳೋ ಎರಡೂವರೆ ನಿಮಿಷ ಮಾರಾಯಾ. ಬಿಬಿಸಿ ರೇಡಿಯೋದ ಜಾನ್ ಪೀಲ್ ಆ ಹಾಡನ್ನ ಒಂದರ ಹಿಂದೆ ಒಂದು ಎರಡು ಸಲ ಹಾಕಿದ್ರು, 2004ರಲ್ಲಿ ತೀರಿಕೊಂಡ ಮೇಲೆ ಅವರ ಸಮಾಧಿ ಕಲ್ಲಿನ ಮೇಲೆ ಆ ಹಾಡಿನ ಒಂದು ಸಾಲು ಕೆತ್ತಿಸಿದ್ದಾರೆ. ಬರೀ ಗಲಾಟೆ ಆಗಿದ್ರೆ ಯಾರಾದ್ರೂ ಕಲ್ಲಲ್ಲಿ ಕೆತ್ತಿಸ್ತಾರಾ?

ಇನ್ನೂ ಬೇಕಾದ್ರೆ ಇಂಗ್ಲೆಂಡಿನ ಸಂಡರ್ಲೆಂಡಿನ ಟಾಯ್ ಡಾಲ್ಸ್ ಕೇಳು, 1979ರಲ್ಲಿ ಶುರು ಆದ ಬ್ಯಾಂಡು, ಅವರದ್ದು ಪೂರ್ತಿ ತಮಾಷೆ. ಆಗ ಅದು ಹಡಗು ಕಟ್ಟೋ ಊರು, ಸುತ್ತ ಕಲ್ಲಿದ್ದಲು ಗಣಿ, 1984ರಲ್ಲಿ ಗಣಿ ಕಾರ್ಮಿಕರ ದೊಡ್ಡ ಮುಷ್ಕರ ನಡೀತಿದ್ದಾಗ್ಲೇ ಇವರು ಮಕ್ಕಳ ಆನೆ ಹಾಡೊಂದನ್ನ ಪಂಕ್ ಮಾಡಿ ಡಿಸೆಂಬರಲ್ಲಿ ಬ್ರಿಟನ್ನಿನ ಪಟ್ಟಿಯಲ್ಲಿ 4ನೇ ಜಾಗಕ್ಕೆ ತಂದ್ರು. ಜಪಾನಿನ ಒಸಾಕಾದ ಶೋನೆನ್ ನೈಫ್ ಅಂತ ಹೆಣ್ಮಕ್ಕಳ ಬ್ಯಾಂಡು, 1981ರಿಂದ ಇವತ್ತಿಗೂ ತಿಂಡಿ ತೀರ್ಥದ ಮೇಲೇ ಹಾಡೋದು, ನಿರ್ವಾಣ ಅನ್ನೋ ಹೆಸರಾಂತ ರಾಕ್ ಬ್ಯಾಂಡಿನ ಕರ್ಟ್ ಕೋಬೇನ್ ಅವರ ಭಕ್ತ ಆಗಿದ್ದ.

ಕರಾವಳಿಯವ ಆದ್ದರಿಂದ ನಿನಗೆ ಡಿಸೆಂಡೆಂಟ್ಸ್ ಕತೆನೂ ಹೇಳ್ಬೇಕು. ಕ್ಯಾಲಿಫೋರ್ನಿಯಾದ ಸಮುದ್ರ ದಂಡೆಯ ಹುಡುಗ್ರು, ಕಾಫಿ, ಊಟ, ಅಪ್ಪ ಅಮ್ಮನ ಕಿರಿಕಿರಿ, ಕೈಕೊಟ್ಟ ಹುಡುಗಿ, ಇಷ್ಟೇ ಅವರ ಲೋಕ. 1982ರ ಆಲ್ಬಮ್ಮಿನ ಹೆಸರೇ ಹಾಡೋ ಮೈಲೋ ಕಾಲೇಜಿಗೆ ಹೊರಟ ಅಂತ, ಯಾಕಂದ್ರೆ ಅಂವ ನಿಜವಾಗ್ಲೂ ಹೊರಟಿದ್ದ, ಮುಂದೆ ಜೀವಶಾಸ್ತ್ರದಲ್ಲಿ ಡಾಕ್ಟರೇಟ್ ಮಾಡಿದ. ಅದೇ ಬ್ಯಾಂಡಿನ ಗಿಟಾರಿನವ ಫ್ರಾಂಕ್ ನವೆಟ್ಟಾ ಬ್ಯಾಂಡ್ ಬಿಟ್ಟು ಒರೆಗಾನಿಗೆ ಹೋಗಿ ಮೀನುಗಾರ ಆದ. ನಿನ್ನ ಬಲೆ ಶೆಡ್ ಕೇಳಿದ್ರೆ ಅಂವ ಭಾರಿ ಖುಷಿ ಪಡ್ತಿದ್ದ.


ಹೊನ್ನಾವರ_ಹೊಳೆಬದಿ:

ಪ್ಯಾಂಟಿನ ಹಾಡು ಎಲ್ಲಿ ಸಿಗ್ತದೆ? ರೆಕಾರ್ಡ್ ಮಾಡಿದ್ರೆ ಲಿಂಕ್ ಹಾಕಿ. ನಮ್ಮನೇಲೂ ಜುಲೈ ತಿಂಗಳು ಬಚ್ಚಲ ಒಲೆ ಮೇಲೆ ಬಟ್ಟೆ ಒಣಗ್ಸೋದು, ಕಾಲೇಜಿಗೆ ಹೋದ್ರೆ ಮೈಯೆಲ್ಲ ಹೊಗೆ ವಾಸನೆ. ಅದನ್ನ ಯಾರೋ ಹಾಡು ಮಾಡಿದ್ದಾರೆ ಅಂತ ಓದೇ ಖುಷಿ ಆಯ್ತು.


ಅಂಕೋಲೆ_ಉಪ್ಪುನೀರು:

ಕ್ಯಾಸೆಟ್ ಅಣ್ಣ ಚೆಂದ ಬರ್ದಿದ್ದಾರೆ ಆದ್ರೆ ಅರ್ಧ ಕತೆ ಹೇಳಿ ನಿಲ್ಲಿಸಿದ್ದಾರೆ, ಉಳಿದ ಅರ್ಧ ನಾನು ಹೇಳ್ತೇನೆ, ಬೇಜಾರು ಮಾಡ್ಕೋಬೇಡಿ.

ಅದೇ ಅಂಡರ್‌ಟೋನ್ಸ್, 1981ರಲ್ಲಿ ಉತ್ತರ ಐರ್ಲೆಂಡಿನ ಜೈಲಲ್ಲಿ ಬ್ರಿಟಿಷ್ ಆಡಳಿತದ ವಿರುದ್ಧ ಇದ್ದ ಕೈದಿಗಳ ಉಪವಾಸ ನಡೀತಿತ್ತಲ್ಲ, ಅವರಲ್ಲಿ ಒಬ್ಬನಾದ ಬಾಬಿ ಸ್ಯಾಂಡ್ಸ್ ಸತ್ತ ಹೊತ್ತಲ್ಲಿ, ಟಿವಿ ಕಾರ್ಯಕ್ರಮದಲ್ಲಿ ಅವರ ಗಿಟಾರಿನವ ತೋಳಿಗೆ ಕಪ್ಪು ಪಟ್ಟಿ ಕಟ್ಕೊಂಡು ನುಡಿಸಿದ. ಅವತ್ತು ನುಡಿಸಿದ ಹಾಡಿನ ಹಿಂದೆಯೂ ಅದೇ ಸಂಗತಿ ಇತ್ತು, ಕುಣೀಲಿಕ್ಕೆ ಬರುವಂಥ ಹಾಡೇ. ಅದೇ ರಾಮೋನ್ಸ್, 1985ರಲ್ಲಿ ಅಮೆರಿಕದ ಅಧ್ಯಕ್ಷ ರೇಗನ್ ಜರ್ಮನಿಯಲ್ಲಿ ನಾಜಿ ಸೈನಿಕರನ್ನೂ ಹೂಳಿದ್ದ ಸ್ಮಶಾನಕ್ಕೆ ಹೋದಾಗ ಜೋಯಿಗೆ ತಡ್ಕೊಳ್ಳಲಿಕ್ಕೆ ಆಗ್ಲಿಲ್ಲ, ಯಹೂದಿ ಮನೆಯ ಹುಡುಗ ಅಂವ, ಒಂದು ಹಾಡು ಮಾಡಿದ, ಜಾನಿಗೆ ಅದು ಸುತಾರಾಂ ಇಷ್ಟ ಆಗ್ಲಿಲ್ಲ, ಆದ್ರೂ ಹಾಡು ಹೊರಗೆ ಬಂತು. ಅಂಡರ್‌ಟೋನ್ಸಲ್ಲಿ ಹಾಡ್ತಿದ್ದ ಫಿಯರ್ಗಲ್ ಶಾರ್ಕಿ ಈಗ ಎಂತ ಮಾಡ್ತಿದ್ದಾರೆ ಗೊತ್ತುಂಟಾ? ಇಂಗ್ಲೆಂಡಿನ ಹೊಳೆಗಳಿಗೆ ಹೊಲಸು ನೀರು ಬಿಡ್ತಾರೆ ಅಂತ ವರ್ಷಗಟ್ಲೆಯಿಂದ ಹೋರಾಟ. ಹುಡುಗಿ ಮೇಲೆ ಹಾಡಿದ ಅದೇ ಗಂಟಲು.

ನಾನು ಇದನ್ನ ಯಾಕೆ ಹೇಳ್ತಿದ್ದೇನೆ ಅಂದ್ರೆ ಅವರು ಯಾರೂ ಗೋಡೆ ಮೇಲೆ ಚಾಕ್‌ಪೀಸಲ್ಲಿ ನಿಯಮ ಬರೀಲಿಲ್ಲ. ಖುಷಿ ಬಂದಾಗ ಖುಷಿ ಹಾಡಿದ್ರು, ಹೊಟ್ಟೆ ಉರಿದಾಗ ಅದನ್ನೂ ಹಾಡಿದ್ರು. ನೀವು ಬರ್ದಿದ್ದೀರಿ. ಪಕ್ಷ ಬೇಡ ಅನ್ನೂದು ನನಗೂ ಒಪ್ಪಿಗೆ, ನೂರಕ್ಕೆ ನೂರು, ದುಡ್ಡು ಕೊಟ್ಟು ಪ್ರಚಾರಕ್ಕೆ ಹಾಡಿಸುವವ್ರು ನಾಳೆ ನಿಮ್ಮ ಹತ್ರಾನೂ ಬರ್ತಾರೆ, ಬಾಗಿಲು ಹಾಕಿ. ಆದ್ರೆ ನಮ್ಮ ಜಿಲ್ಲೆಯಲ್ಲಿ ಕೂತು ರಾಜಕೀಯ ಅಂದ್ರೆ ಬರೀ ಪಕ್ಷ ಅಂದ್ಕೊಂಡ್ರೆ ನನಗೆ ನೋವಾಗ್ತದೆ. 1930ರಲ್ಲಿ ಅಂಕೋಲೆಯವ್ರು ಉಪ್ಪು ಮಾಡಿದ್ದು ಯಾವ ಓಟಿಗೆ? 1983ರಲ್ಲಿ ಶಿರಸಿ ತಾಲೂಕಿನ ಸಾಲ್ಕಣಿಯವ್ರು ಕಾಡಿಗೆ ಹೋಗಿ ಮರ ಅಪ್ಪಿಕೊಂಡು ನಿಂತದ್ದು ಯಾವ ಪಕ್ಷಕ್ಕೆ? ನಮ್ಮ ಮನೆಯವ್ರು ಒಂದು ಯೋಜನೆಗೆ ಊರು ಬಿಟ್ಟವ್ರು, ನನ್ನ ಅಜ್ಜಿ ಕೊನೇವರೆಗೂ ಹಳೇ ಮನೆಯ ಬಾವಿ ನೀರಿನ ರುಚಿ ಹೇಳ್ತಾ ಇದ್ದಳು, ಸಕ್ಕರೆ ಹಾಕಿದ ಹಾಗೆ ಇತ್ತಂತೆ. ಅದನ್ನ ನೀವು ಯಾವ ಪೆಟ್ಟಿಗೆಯಲ್ಲಿ ಇಡ್ತೀರಿ, ಖುಷಿಯಲ್ಲೋ ರಾಜಕೀಯದಲ್ಲೋ? ನನಗೆ ಇವತ್ತಿಗೂ ಗೊತ್ತಾಗ್ಲಿಲ್ಲ.

ಇನ್ನು ಮಜಾ ಅಂದ್ರೆ ಮಜಾನೇ ಬೇರೆ ಟೀಕೆನೇ ಬೇರೆ ಅನ್ನೂದು ನಮ್ಮ ಕಡೆಯದ್ದಲ್ಲ. ಸುಗ್ಗಿಯಲ್ಲಿ ಹಾಲಕ್ಕಿಗಳ ತಂಡ ತುರಾಯಿ ಕಟ್ಕೊಂಡು ಗುಮಟೆ ಬಡೀತಾ ಬರ್ತದಲ್ಲ, ಆಮೇಲೆ ಹಗರಣ ಅಂತ ವೇಷ ಹಾಕ್ತಾರೆ. ಆ ವರ್ಷ ಊರಲ್ಲಿ, ರಾಜ್ಯದಲ್ಲಿ ಎಂತ ಎಂತ ನಡೆದಿದೆಯೋ ಎಲ್ಲದರ ಅಣಕ. ನಾನು ಸಣ್ಣವಳಿದ್ದಾಗ ಹಗರಣದಲ್ಲಿ ರಸ್ತೆ ಹೊಂಡದಲ್ಲಿ ಗಾಳ ಹಾಕಿ ಮೀನು ಹಿಡಿಯುವ ವೇಷ ನೋಡಿ ನಕ್ಕು ನಕ್ಕು ಹೊಟ್ಟೆ ಹಿಡ್ಕೊಂಡಿದ್ದೆ, ರಸ್ತೆ ಮಾಡಿಸ್ಬೇಕಾದವ್ರೂ ಅಲ್ಲೇ ಪಕ್ಕದಲ್ಲಿ ನಿಂತಿದ್ರು, ಅವರಿಗೂ ನಗದೇ ಗತಿ ಇರ್ಲಿಲ್ಲ. ಅದು ಪಂಕ್ ಅಲ್ವಾ? ನನ್ನ ಪ್ರಕಾರ ಅದಕ್ಕಿಂತ ದೊಡ್ಡ ಪಂಕ್ ಇಲ್ಲ.

ಒಂದು ಕೇಳ್ತೇನೆ ತಮ್ಮಾ, ನಿಮ್ಮ ಬಂಗಡೆ ಹಾಡಲ್ಲಿ ಎಂತ ಉಂಟು? ಬಂಗಡೆ ರುಚಿ ಮಾತ್ರವಾ?


ಚಂಡೆಪೆಟ್ಟು_ಶಿರಸಿ:

ನಾನು ಡ್ರಮ್ಸ್ ನುಡ್ಸೋನು, ಅದಕ್ಕೂ ಮೊದ್ಲು ಅಪ್ಪಯ್ಯನ ಜೊತೆ ಹೋಗಿ ಬಡಗುತಿಟ್ಟಿನ ಯಕ್ಷಗಾನದ ಚಂಡೆ ಕಲ್ತವ. ರಾಜಕೀಯ ಬೇಕಾ ಬೇಡವಾ ಅನ್ನೋದನ್ನ ನೀವೇ ಮಾತಾಡಿ, ನನಗೆ ಬೇರೆ ಒಂದು ಹೇಳೋದಿದೆ. ಆ ಗ್ಯಾದರಿಂಗಲ್ಲಿ ಬಂದು ಬರೀ ಗಲಾಟೆ ಅಂದ್ರಲ್ಲ, ಅವರ ಮಾತಲ್ಲಿ ರಾಜಕೀಯ ಬಿಟ್ಟು ಇನ್ನೊಂದು ಇರಬಹುದು, ಅದನ್ನೂ ವಿಚಾರ ಮಾಡಿ. ನೀವು ಟೈಟ್ ಆಗಿ, ಅಂದ್ರೆ ತಾಳ ಜಾರದೇ ನಾಲ್ಕೂ ಜನ ಒಟ್ಟಿಗೆ ನುಡಿಸಿದ್ರಾ?

ಖುಷಿ ಹಾಡಿಗೆ ಕ್ಷಮೆ ಇಲ್ಲ ಮಾರಾಯಾ. ಗಂಭೀರ ಹಾಡಲ್ಲಿ ತಾಳ ಸ್ವಲ್ಪ ಜಾರಿದ್ರೂ ಜನ ಮಾತಿನ ಭಾರಕ್ಕೆ ಕೂತು ಕೇಳ್ತಾರೆ. ಕುಣಿಸೋ ಹಾಡಲ್ಲಿ ತಾಳ ಜಾರಿತೋ ಕಾಲು ತನ್ನಷ್ಟಕ್ಕೆ ನಿಲ್ತದೆ. ಯಕ್ಷಗಾನದಲ್ಲಿ ಹಾಸ್ಯಗಾರರನ್ನ ನೋಡಿ, ಹಗುರ ಪಾತ್ರ ಅಂತ ಯಾರೂ ಅದನ್ನ ಹೊಸಬರ ಕೈಗೆ ಕೊಡೋದಿಲ್ಲ, ಇಡೀ ಪ್ರಸಂಗ ಬಾಯಲ್ಲಿ ಇರಬೇಕು, ಭಾಗವತರ ಪದ್ಯ ಎಲ್ಲಿ ನಿಲ್ತದೆ ಗೊತ್ತಿರಬೇಕು, ಎದುರಿನ ವೇಷಧಾರಿ ಎಂತ ಹೇಳ್ತಾನೋ ಅದಕ್ಕೆ ಆ ಕ್ಷಣಕ್ಕೆ ಮಾತು ಹುಟ್ಟಬೇಕು. ನಡುರಾತ್ರಿ ಎರಡು ಗಂಟೆಗೆ ನಿದ್ದೆ ತೂಗೋ ಜನರನ್ನ ಎಬ್ಬಿಸಿ ನಗಿಸೋದು ಅಂದ್ರೆ ಸುಮ್ನೆ ಅಲ್ಲ.

ಈಗ ಕೆಲಸದ ಮಾತು. ಕಾರ್ಡ್ ಅಂದ್ರೆ ಒಟ್ಟಿಗೆ ನುಡಿಸೋ ಸ್ವರಗಳು, ಪಂಕಲ್ಲಿ ಗಿಟಾರಿನವ್ರು ಹೊಡೆಯೋ ನಿಮ್ಮ ಪವರ್ ಕಾರ್ಡ್ ಇದೆಯಲ್ಲ, ಅದು ಬೇರೆ ಎಂತದೂ ಅಲ್ಲ, ಷಡ್ಜ ಪಂಚಮ. ಸ ಮತ್ತು ಪ. ನಡುವಿನ ಗಾಂಧಾರ ತೆಗೆದುಬಿಟ್ಟದ್ದು. ತಂಬೂರಿಯಲ್ಲಿ ಕೇಳೋ ಅದೇ ಜೋಡಿ. ಗಾಂಧಾರ ಇದ್ರೆ ಕಾರ್ಡು ಮೇಜರ್ ಆಗ್ತದೆ ಅಥವಾ ಮೈನರ್ ಆಗ್ತದೆ, ನಗು ಅಥವಾ ಅಳು ಅಂತ ಮೊದಲೇ ತೀರ್ಮಾನ ಆಗಿರ್ತದೆ. ತೆಗೆದ್ರೆ ಅದು ಖಾಲಿ ಅಂಗಳ, ನಗೋದು ಅಳೋದು ಹಾಡೋನ ಗಂಟಲಿಗೆ ಬಿಟ್ಟದ್ದು. ಇನ್ನೊಂದು ಕಾರಣವೂ ಇದೆ, ಗಿಟಾರಿನ ಸದ್ದು ಒಡೆದು ಒರಟು ಮಾಡೋ ಡಿಸ್ಟಾರ್ಷನ್ ಹಾಕಿದಾಗ ಸ್ವರ ಸ್ವರ ಸೇರಿ ಹೊಸ ಹೊಸ ಸ್ವರ ಹುಟ್ತಾವೆ, ಸ ಪ ಆದ್ರೆ ಅವು ಹೊಂದಿಕೊಳ್ತಾವೆ, ಗಾಂಧಾರ ಸೇರಿತೋ ಕೆಸರು. ಹಂಗಾಗಿ ಮಾಜಾಳಿ ಹುಡುಗಿಗೆ ಹೇಳಿ, ಎರಡು ಗಿಟಾರೂ ಒಂದೇ ಜಾಗದಲ್ಲಿ ಅದೇ ಕಾರ್ಡ್ ಹೊಡೀಬೇಡಿ, ಒಬ್ರು ಕೆಳಗೆ ಸ ಪ ಹಿಡೀರಿ, ಇನ್ನೊಬ್ರು ಮೇಲೆ ಬರೀ ಎರಡು ಮೂರು ಸ್ವರದ ಸಣ್ಣ ಧಾಟಿ ಹಿಡೀರಿ.

ಜಾನಿ ರಾಮೋನನ ಗುಟ್ಟು ಬಲಗೈ. ಎಲ್ಲ ಹೊಡೆತವೂ ಮೇಲಿಂದ ಕೆಳಗೆ, ಮೇಲಕ್ಕೆ ಹೋಗುವಾಗ ತಂತಿ ಮುಟ್ಟೋದೇ ಇಲ್ಲ. ಮೇಲೆ ಕೆಳಗೆ ಎರಡೂ ಹೊಡೆದ್ರೆ ಸುಲಭ ಆಗ್ತದೆ, ಆದ್ರೆ ಒಂದು ಹೊಡೆತ ಗಟ್ಟಿ ಒಂದು ಮೆತ್ತಗೆ ಬಂದು ಆ ಗೋಡೆಯಂಥ ಸದ್ದು ಒಡೀತದೆ. ಮೊಣಕೈಯಿಂದ ಹೊಡೀಬೇಡಿ, ಎರಡು ಹಾಡಿಗೆ ಕೈ ಸೆಟೆದು ಹೋಗ್ತದೆ, ಮಣಿಕಟ್ಟಿಂದ ಹೊಡೀರಿ, ನಮಗೆ ಚಂಡೆ ಕೋಲಿಗೆ ಹೇಳಿಕೊಟ್ಟದ್ದೂ ಇದೇ. ಟಿಕ್ ಟಿಕ್ ಅಂತ ತಾಳ ಹಿಡಿಯೋ ಮೆಟ್ರೋನೋಮ್ ಫೋನಲ್ಲಿ ಪುಕ್ಕಟೆ ಸಿಗ್ತದೆ, ನಿಮಿಷಕ್ಕೆ 120 ಪೆಟ್ಟಲ್ಲಿ ಶುರು ಮಾಡಿ, ಇಡೀ ಹಾಡು ಒಂದೂ ತಪ್ಪಿಲ್ಲದೆ ಮೂರು ಸಲ ಬಂದ್ಮೇಲೆ 5 ಏರಿಸಿ. 170, 180ಕ್ಕೆ ಹೋಗ್ಲಿಕ್ಕೆ ಒಂದು ತಿಂಗಳು ಬೇಕು, ಬೇಕು ಅಂದ್ರೆ ಬೇಕೇ. ನಮ್ಮಲ್ಲಿ ಏರುಪದ್ಯ ಹೇಳೋ ಭಾಗವತರು ಮೊದಲೇ ಓಡೋದಿಲ್ಲ, ಏರಿಸ್ತಾ ಏರಿಸ್ತಾ ಹೋಗ್ತಾರೆ, ಕೇಳೋನಿಗೆ ಯಾವಾಗ ವೇಗ ಆಯ್ತು ಅಂತಾನೇ ಗೊತ್ತಾಗೋದಿಲ್ಲ.

ನಿಮ್ಮ ಡ್ರಮ್ಮರಿಗೆ ಒಂದು ಸಮಾಧಾನದ ಮಾತು, ರಾಮೋನ್ಸಿನ ಟಾಮಿ ಮೊದ್ಲು ಡ್ರಮ್ಮರೇ ಅಲ್ಲ, ಬ್ಯಾಂಡಿನ ವ್ಯವಹಾರ ನೋಡ್ಕೊಳ್ಳೋಕೆ ಬಂದವ. ಜೋಯಿ ಡ್ರಮ್ಸಲ್ಲಿ ಕೂತಿದ್ದ, ಅಂವ ಹಾಡ್ಲಿಕ್ಕೆ ಎದುರಿಗೆ ಹೋದ ಮೇಲೆ ಜಾಗ ಖಾಲಿ ಆಯ್ತು, ಬಂದವರೆಲ್ಲ ಕೈಚಳಕ ತೋರಿಸೋರೇ, ಕಡೆಗೆ ಟಾಮಿಯೇ ಕೂತ. ಎಂತದೂ ಅಲಂಕಾರ ಇಲ್ಲ, ಎರಡನೇ ನಾಲ್ಕನೇ ಪೆಟ್ಟು ಸ್ನೇರ್ ಅನ್ನೋ ಚಿಕ್ಕ ಡ್ರಮ್ ಮೇಲೆ, ಹೈ ಹ್ಯಾಟ್ ಅನ್ನೋ ಜೋಡಿ ತಟ್ಟೆ ಓಡ್ತಾ ಇರ್ಲಿ, ಅಷ್ಟೇ. ಅಷ್ಟೇ ಮಾಡೋದು ಎಷ್ಟು ಕಷ್ಟ ಅಂತ ಮಾಡಿದವನಿಗೆ ಗೊತ್ತು.

ಶಿರಸಿ ಕಡೆ ಬಂದ್ರೆ ಹೇಳಿ, ನಮ್ಮನೆ ಅಟ್ಟದ ಮೇಲೆ ಜಾಗ ಇದ್ದು, ಅಮ್ಮಂಗೆ ಸದ್ದು ಅಡ್ಡಿಲ್ಲೆ, ಕಷಾಯವೂ ಸಿಗ್ತದೆ.


ಹಳೇಕ್ಯಾಸೆಟ್_ಕುಮಟಾ:

ಅಂಕೋಲೆ ತಂಗಿ, ನೀವು ಹೇಳಿದ್ದು ಸರಿ. ಕಪ್ಪು ಪಟ್ಟಿ ಕಟ್ಟಿದ ಸಂಗತಿ ನನಗೆ ಗೊತ್ತಿತ್ತು, ಹುಡುಗನಿಗೆ ಧೈರ್ಯ ಹೇಳೋ ಭರದಲ್ಲಿ ಬಿಟ್ಟುಬಿಟ್ಟೆ, ಬಿಡಬಾರದಿತ್ತು. ಆದ್ರೂ ಒಂದು ಮಾತಿಗೆ ನಾನು ಅಂಟ್ಕೊಳ್ತೇನೆ. ಆ ಕಪ್ಪು ಪಟ್ಟಿಗೆ ತೂಕ ಬಂದದ್ದು ಅದರ ಹಿಂದೆ ಮೂರು ವರ್ಷ ಬರೀ ಸಂತೋಷ ಹಾಡಿದ್ದರಿಂದ. ದಿನಾ ಘೋಷಣೆ ಕೂಗೋನು ಒಂದು ದಿನ ಪಟ್ಟಿ ಕಟ್ಟಿದ್ರೆ ಯಾರು ನೋಡ್ತಾರೆ? ಮತ್ತೆ ಪ್ರತಿಭಟನೆ ಅನ್ನೋದು ಪಂಕಿನ ಒಂದು ಕವಲು, ಕ್ಲ್ಯಾಷ್, ಡೆಡ್ ಕೆನಡೀಸ್ ಇವರೆಲ್ಲ ಆ ಕಡೆ, ನನಗೂ ಪ್ರೀತಿಯವರೇ. ಆದ್ರೆ ಅದೇ ಇಡೀ ಮರ ಅಲ್ಲ. 1977ರ ಜನವರಿಯಲ್ಲಿ ಮ್ಯಾಂಚೆಸ್ಟರಿನ ಬಝ್‌ಕಾಕ್ಸ್ ಯಾವ ಕಂಪನಿಯನ್ನೂ ಕಾಯದೇ ಸಾಲ ಮಾಡಿ ನಾಲ್ಕು ಹಾಡಿನ ರೆಕಾರ್ಡ್ ತಾವೇ ಹೊರಗೆ ತಂದ್ರು. ಆ ಹಾಡುಗಳಲ್ಲಿ ಇದ್ದಿದ್ದು ಬೇಜಾರು, ಚಡಪಡಿಕೆ. ಮುಂದೆ ಅವರು ಪ್ರೀತಿ ಹಾಡುಗಳಿಗೇ ಹೆಸರಾದ್ರು. ನಾನು ಆ ಸಂಗೀತದಿಂದ ಕಲಿತದ್ದು ಇದನ್ನೇ, ಯಾರಾದ್ರೂ ಕರೀಲಿ ಅಂತ ಕಾಯಬೇಡ, ನಿನ್ನ ಹತ್ರ ಇದ್ದದ್ದರಲ್ಲಿ ಈಗಲೇ ಮಾಡು. ಬಲೆ ಶೆಡ್ಡಲ್ಲಿ ನಿಮ್ಮ ನಾಲ್ಕು ಜನ ಮಾಡ್ತಿರೋದೂ ಅದೇ.


ಮೂರುಸ್ವರ_ಕಾರವಾರ:

ಎಲ್ಲರ ಮಾತು ಎರಡೆರಡು ಸಲ ಓದಿದೆ, ನಿನ್ನೆ ಶೆಡ್ಡಲ್ಲಿ ನಾಲ್ಕೂ ಜನ ಕೂತು ಫೋನಲ್ಲಿ ಜೋರಾಗಿ ಓದಿದ್ವಿ.

ಚಂಡೆ ಅಣ್ಣ ಕೇಳಿದ್ದಕ್ಕೆ, ಇಲ್ಲ, ಟೈಟ್ ಇರ್ಲಿಲ್ಲ. ಗ್ಯಾದರಿಂಗಲ್ಲಿ ಒಬ್ಬರು ಫೋನಲ್ಲಿ ತೆಗೆದ ವಿಡಿಯೋ ಮೆಟ್ರೋನೋಮ್ ಇಟ್ಕೊಂಡು ನೋಡಿದ್ವಿ, ಬಸ್ಸಿನ ಹಾಡು 160ರಲ್ಲಿ ಶುರು ಆಗಿ ಮುಗಿಯುವಾಗ 190ರ ಹತ್ರ ಹೋಗಿತ್ತು. ನಿನ್ನೆ 120ರಲ್ಲಿ ಹಾಕಿ ನುಡಿಸಿದ್ವಿ, ಎಷ್ಟು ನಿಧಾನ ಅಂದ್ರೆ ಉಸಿರು ಕಟ್ಟಿದ ಹಾಗೆ ಆಯ್ತು, ಆದ್ರೆ ಬಾಸು ಎಲ್ಲಿ ತಪ್ಪಿಸ್ತಿದ್ದಾನೆ ಅಂತ ಮೊದಲ ಸಲ ಕೇಳ್ತು. ಸ ಪ ವಿಷಯ ಮಾಜಾಳಿ ಹುಡುಗಿಗೆ ಭಾರಿ ಹಿಡಿಸ್ತು, ಅವಳು ಸಣ್ಣವಳಿದ್ದಾಗ ಹಾರ್ಮೋನಿಯಂ ಕಲ್ತಿದ್ದಾಳೆ, ಈಗ ಪ್ಯಾಂಟಿನ ಹಾಡಿಗೆ ಮೇಲೆ ಒಂದು ಧಾಟಿ ಹಾಕಿದ್ದಾಳೆ, ಹಾಡೇ ಬೇರೆ ಆಯ್ತು. ಹೊನ್ನಾವರದವ್ರೇ, ಆ ಹಾಡು ರೆಕಾರ್ಡ್ ಮಾಡಿದ ದಿನಾನೇ ಲಿಂಕ್ ಹಾಕ್ತೇನೆ.

ಅಂಕೋಲೆ ಅಕ್ಕ, ನಿಮ್ಮ ಪ್ರಶ್ನೆಗೆ ಉತ್ತರ ಕೊಡ್ಲಿಕ್ಕೆ ನನಗೆ ಎರಡು ದಿನ ಬೇಕಾಯ್ತು. ಬಂಗಡೆ ಹಾಡಲ್ಲಿ ಮೊದ್ಲು ಒಂದು ಸಾಲು ಇತ್ತು, ಮಾವ ನಾಲ್ಕು ದಿನ ಸಮುದ್ರದಲ್ಲಿ ಇದ್ದು ಡೀಸೆಲ್ ಖರ್ಚು ಮಾಡಿ ಖಾಲಿ ಬುಟ್ಟಿ ತಂದ, ಮನೆಗೆ ಬಂದು ಮಾತೇ ಆಡ್ಲಿಲ್ಲ, ಅತ್ತೆ ಬಂಗಡೆ ಸಾರು ಮಾಡ್ಲಿಕ್ಕೆ ಪೇಟೆಯಿಂದ ದುಡ್ಡು ಕೊಟ್ಟು ಬಂಗಡೆ ತಂದಳು ಅಂತ. ಅದು ನಿಜವಾಗಿ ಆದದ್ದು. ಗೋಡೆ ಮೇಲೆ ಬರ್ದಮೇಲೆ ಇದು ಭಾರ ಆಯ್ತು, ಖುಷಿ ಹಾಳಾಗ್ತದೆ ಅಂತ ನಾನೇ ತೆಗೆದೆ, ಯಾರೂ ತೆಗೀ ಅನ್ನಲಿಲ್ಲ. ನಿಮ್ಮ ಅಜ್ಜಿಯ ಬಾವಿ ನೀರಿನ ಮಾತು ಓದಿದಾಗಿಂದ ಆ ಸಾಲೇ ಬಾಯಿಗೆ ಬರ್ತಾ ಇತ್ತು.

ನಿನ್ನೆ ವಾಪಸ್ ಹಾಕಿ ಹಾಡಿದ್ವಿ. ಅದೇ ಧಾಟಿ, ಅದೇ ವೇಗ, ಕುಣಿಯುವ ಹಾಡೇ. ಮಾವ ಹೊರಗೆ ಕೂತು ಬಲೆ ಹೊಲೀತಾ ಇದ್ದ, ಹಾಡು ಮುಗಿದ್ಮೇಲೆ ಒಳಗೆ ಬಂದು, ನಾಲ್ಕು ದಿನ ಅಲ್ಲ, ಐದು ದಿನ, ಸರಿ ಮಾಡು ಅಂದ. ಸರಿ ಮಾಡಿದೆ, ತಾಳದ ಮಾತ್ರೆ ಸ್ವಲ್ಪ ಹೆಚ್ಚು ಕಮ್ಮಿ ಆಗ್ತದೆ, ಡ್ರಮ್ಮರ್ ಅದಕ್ಕೆ ತಲೆ ಕೆಡಿಸ್ಕೊಂಡಿದ್ದಾನೆ.

ಗೋಡೆ ಮೇಲಿಂದು ಪಕ್ಷ ಇಲ್ಲ ಅನ್ನೂದು ಹಾಗೇ ಉಂಟು, ಅದರ ಬಗ್ಗೆ ನಾಲ್ಕೂ ಜನ ಗಟ್ಟಿ. ಭಾಷಣ ಇಲ್ಲ ಅನ್ನೂದೂ ಇರ್ಲಿ ಅಂತ ಬಾಸಿನವನ ವಾದ, ಆ ಸಾಲು ಭಾಷಣ ಅಲ್ಲ ಮಾವನ ಕತೆ ಅಂತ. ಜೂನ್ 1ಕ್ಕೆ ಇನ್ನು ಆರು ವಾರ, ಅಷ್ಟರಲ್ಲಿ 7 ಹಾಡನ್ನೂ 170ಕ್ಕೆ ತರಬೇಕು. ಬಲೆ ಒಳಗೆ ಬಂದ್ಮೇಲೆ ಶಿರಸಿ ಅಟ್ಟಕ್ಕೆ ಬರ್ತೇವೆ ಅಣ್ಣ, ನಾಲ್ಕು ಜನ, ಎರಡು ಆಂಪ್ಲಿಫೈಯರ್, ಘಟ್ಟ ಹತ್ತುವ ಬಸ್ಸಲ್ಲಿ ಸ್ನೇರ್ ಒಂದೇ ತರ್ಲಿಕ್ಕಾಗುದು, ಉಳಿದ ಡ್ರಮ್ಸ್ ನಿಮ್ಮಲ್ಲಿ ಉಂಟಲ್ವಾ?


ಚಂಡೆಪೆಟ್ಟು_ಶಿರಸಿ:

ಉಂಟು, ಬನ್ನಿ. ಸ್ನೇರೂ ಬೇಡ, ಕೋಲು ಮಾತ್ರ ತನ್ನಿ.